ಬೆನ್ನಿಗೆ ಶಸ್ತ್ರ: ಯಾವಾಗ ಬೇಕು, ಯಾವಾಗ ಬೇಡ?

ಸೊಂಟದಿಂದ ಕಾಲಿನವರೆಗೆ ಸೆಳೆಯುವ ನೋವಿನಿಂದ ವಾರಗಟ್ಟಲೆ ನರಳಿದವರಿಗೆ ಡಾಕ್ಟರು ‘ಆಪರೇಷನ್ ಬೇಕಾಗಬಹುದು’ ಎಂದ ಕೂಡಲೇ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ‘ಬೆನ್ನಿಗೆ ಕತ್ತರಿ ಹಾಕಿಸಿಕೊಂಡವರು ಮತ್ತೆ ನೆಟ್ಟಗೆ ನಡೆದದ್ದುಂಟೆ? ಬೇಡವೇ ಬೇಡ’ ಎನ್ನುವವರದು ಒಂದು ಪಕ್ಷ. ‘ಎಷ್ಟು ದಿನ ಹೀಗೆ ನರಳುವುದು? ಒಂದು ಸಲ ಕೊಯ್ಯಿಸಿಬಿಟ್ಟರೆ ಮುಗಿಯಿತು’ ಎನ್ನುವವರದು ಇನ್ನೊಂದು. ಹಾಸಿಗೆ ಹಿಡಿದವರು ಮಾತ್ರ ಎರಡರ ನಡುವೆ ಸಿಕ್ಕಿ ಸುಮ್ಮನೆ ಛಾವಣಿ ನೋಡುತ್ತಿರುತ್ತಾರೆ.

ಈ ಜಗಳ ಮನೆಗಳಲ್ಲಿ ಮಾತ್ರ ನಡೆದಿಲ್ಲ. ವೈದ್ಯರ ನಡುವೆಯೂ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಬೆನ್ನುಮೂಳೆಯನ್ನು ತೆರೆಯುವುದು ಹೇಗೆ ಎಂಬುದನ್ನು ಶಸ್ತ್ರವೈದ್ಯರು ಬಲು ಬೇಗ ಕಲಿತರು. ಯಾರ ಬೆನ್ನನ್ನು ತೆರೆಯಬೇಕು, ಯಾರದನ್ನು ತೆರೆಯಬಾರದು ಎಂಬುದನ್ನು ಕಲಿಯಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯಿತು. ಇಂದು ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯುವ ಬೆನ್ನಿನ ಶಸ್ತ್ರಚಿಕಿತ್ಸೆಗಳೆಲ್ಲ ಈ ಎರಡು ಕಲಿಕೆಗಳ ಫಲ.

ಮುಟ್ಟಬಾರದ ರೋಗ

ಬೆನ್ನುಮೂಳೆಯ ಪೆಟ್ಟಿನ ಬಗ್ಗೆ ಸಿಕ್ಕಿರುವ ಅತ್ಯಂತ ಹಳೆಯ ವೈದ್ಯಕೀಯ ಬರಹ ಈಜಿಪ್ಟಿನದು. 1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ ಲಕ್ಸರ್‌ನಲ್ಲಿ ಕೊಂಡುಕೊಂಡ ಪಪೈರಸ್ ಸುರುಳಿ ಇಂದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕ್ರಿಸ್ತಪೂರ್ವ 1600ರ ಸುಮಾರಿಗೆ ಪ್ರತಿ ಮಾಡಿದ ಆ ಸುರುಳಿಯಲ್ಲಿ 48 ಮಂದಿ ರೋಗಿಗಳ ವಿವರಗಳಿವೆ. ಅವರಲ್ಲಿ ಕುತ್ತಿಗೆಯ ಮೂಳೆ ಜರುಗಿ ಕೈಕಾಲುಗಳ ಸ್ಪರ್ಶಜ್ಞಾನ ಕಳೆದುಕೊಂಡು, ಅರಿವಿಲ್ಲದೆ ಮೂತ್ರ ಹೋಗುತ್ತಿದ್ದವನೂ ಒಬ್ಬ. ಲಕ್ಷಣಗಳನ್ನು ಇಂದಿನ ವೈದ್ಯರೂ ಮೆಚ್ಚುವಷ್ಟು ನಿಖರವಾಗಿ ಬರೆದ ಆ ಈಜಿಪ್ಟಿನ ವೈದ್ಯ ಕೊನೆಗೆ, ಇದು ಚಿಕಿತ್ಸೆಗೆ ಕೈಹಾಕಬಾರದ ಕಾಯಿಲೆ ಎಂಬ ತೀರ್ಮಾನಕ್ಕೆ ಬಂದಿದ್ದಾನೆ.

ಮುಂದೆ ಗ್ರೀಕರ ಹಿಪೊಕ್ರೆಟಿಸ್‌ನ ಕಾಲದಲ್ಲಿ ಬಾಗಿದ ಬೆನ್ನನ್ನು ಹಲಗೆಯ ಮೇಲೆ ಮಲಗಿಸಿ ಎರಡು ಕಡೆಯಿಂದಲೂ ಹಗ್ಗ ಕಟ್ಟಿ ಎಳೆಯುತ್ತಿದ್ದರು. ನಮ್ಮ ಆಯುರ್ವೇದ ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ‘ಗೃಧ್ರಸಿ’ ಎಂಬ ಹೆಸರು ಕೊಟ್ಟು, ಅದನ್ನು ವಾತರೋಗಗಳ ಸಾಲಿಗೆ ಸೇರಿಸಿತ್ತು. ಗೃಧ್ರ ಎಂದರೆ ಹದ್ದು. ನೋವು ತಾಳಲಾರದೆ ರೋಗಿ ಕಾಲೆಳೆದು ನಡೆಯುವ ರೀತಿ ಹದ್ದಿನ ನಡಿಗೆಯನ್ನು ಹೋಲುವುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಆದರೆ ಬೆನ್ನುಮೂಳೆಯನ್ನು ತೆರೆದು ಒಳಗೇನಾಗಿದೆ ಎಂದು ನೋಡುವ ಧೈರ್ಯ ಬರುವುದಕ್ಕೆ ಜಗತ್ತು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಈ ಅಂಜಿಕೆಗೆ ಕಾರಣ ಬೆನ್ನಿನ ರಚನೆಯಲ್ಲಿಯೇ ಇದೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಒಂದರ ಮೇಲೊಂದು ಕುಳಿತ 24 ಕಶೇರುಮಣಿಗಳು ಅಲುಗಾಡಬಲ್ಲವು. ಅವುಗಳ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಪ್ರತಿ ಮಣಿಯ ಹಿಂಬದಿಗೆ ಮೂಳೆಯ ಒಂದು ಕಮಾನು ಇದೆ. ಈ ಕಮಾನುಗಳು ಸಾಲಾಗಿ ಸೇರಿ ಉಂಟಾದ ಕೊಳವೆಯೊಳಗೆ ಮಿದುಳಿನಿಂದ ಇಳಿದುಬರುವ ಬೆನ್ನುಹುರಿ ಇರುತ್ತದೆ. ಅದು ಸೊಂಟದ ಮೇಲ್ಭಾಗದಲ್ಲಿ ಕೊನೆಗೊಂಡು, ಅಲ್ಲಿಂದ ಮುಂದೆ ಕುದುರೆಯ ಬಾಲದ ಕೂದಲಿನಂತೆ ನರಗಳ ಗೊಂಚಲಾಗಿ ಕೆಳಗಿಳಿಯುತ್ತದೆ. ಮಣಿಗಳ ನಡುವೆ ಮೆತ್ತೆಯ ಹಾಗೆ ಕುಳಿತಿರುವುದೇ ಡಿಸ್ಕ್. ಅದರ ಹೊರಗೆ ಈರುಳ್ಳಿಯ ಪದರಗಳಂತೆ ಸುತ್ತಿದ ಗಟ್ಟಿ ನಾರು, ಒಳಗೆ ಲೋಳೆಯಂಥ ತಿರುಳು. ಬೆನ್ನುಹುರಿಗೆ ಒಮ್ಮೆ ಗಾಯವಾದರೆ ಅದು ಚರ್ಮದಂತೆ ಮಾಯುವುದಿಲ್ಲ. ಕೈ ತಪ್ಪಿದರೆ ಕಾಲು ಹೋಗುತ್ತದೆ ಎಂಬ ಹೆದರಿಕೆ ಅಂದು ಆಧಾರವಿಲ್ಲದ್ದಾಗಿರಲಿಲ್ಲ.

ಕಮಾನು ತೆಗೆದ ಕೈಗಳು

ಅಮೆರಿಕದ ಕೆಂಟಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನ ಆಲ್ಬನ್ ಸ್ಮಿತ್ ಎಂಬ ವೈದ್ಯರು, ಕುದುರೆಯಿಂದ ಬಿದ್ದು ಕಾಲುಗಳ ಬಲ ಕಳೆದುಕೊಂಡಿದ್ದ ಯುವಕನೊಬ್ಬನ ಬೆನ್ನುಮೂಳೆಯ ಕಮಾನುಗಳನ್ನು ತೆಗೆದ ವರದಿ 1829ರಲ್ಲಿ ಪ್ರಕಟವಾಯಿತು. ರೋಗಿ ಬದುಕಿ ಉಳಿದದ್ದೇ ಅಲ್ಲದೆ ಕಾಲುಗಳಿಗೆ ಸ್ವಲ್ಪ ಸ್ಪರ್ಶಜ್ಞಾನವೂ ಮರಳಿತ್ತು. ಆಗಿನ್ನೂ ಅರಿವಳಿಕೆ ಇರಲಿಲ್ಲ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಬೋಸ್ಟನ್‌ನಲ್ಲಿ ಬಹಿರಂಗವಾಗಿ ತೋರಿಸಿದ್ದು 1846ರಲ್ಲಿ. ಗಾಯ ಕೀವಾಗದಂತೆ ಕಾಪಾಡುವ ಕ್ರಮವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಈ ಎರಡೂ ಕೈಗೆ ಸಿಕ್ಕಮೇಲೆಯೇ ಬೆನ್ನಿನ ಶಸ್ತ್ರಚಿಕಿತ್ಸೆಗೆ ನಿಜವಾದ ಆರಂಭ.

ಕಮಾನನ್ನು ತೆಗೆದು ಒಳಗಿನ ಒತ್ತಡ ಇಳಿಸುವ ಈ ವಿಧಾನವೇ ಲ್ಯಾಮಿನೆಕ್ಟಮಿ. ಇಂದಿಗೂ ಬೆನ್ನಿನ ಬಹುಪಾಲು ಶಸ್ತ್ರಚಿಕಿತ್ಸೆಗಳ ಮೊದಲ ಹೆಜ್ಜೆ ಇದೇ, ಅಥವಾ ಇದರ ಚಿಕ್ಕ ರೂಪ. ಅದರ ಶಕ್ತಿಯನ್ನು ಜಗತ್ತಿಗೆ ತೋರಿಸಿದ ಘಟನೆ ನಡೆದದ್ದು 1887ರ ಜೂನ್‌ನಲ್ಲಿ, ಲಂಡನ್ನಿನಲ್ಲಿ. ಮೂರು ವರ್ಷಗಳಿಂದ ಬೆನ್ನುನೋವಿನಿಂದ ಬಳಲಿ ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಸೇನಾಧಿಕಾರಿಯೊಬ್ಬರನ್ನು ನರರೋಗ ತಜ್ಞ ವಿಲಿಯಂ ಗವರ್ಸ್ ಪರೀಕ್ಷಿಸಿದರು. ಸ್ಪರ್ಶ ಎಲ್ಲಿಯವರೆಗೆ ಇದೆ, ಎಲ್ಲಿಂದ ಇಲ್ಲ ಎಂಬುದನ್ನು ಗುರುತಿಸಿ, ಬೆನ್ನುಹುರಿಯನ್ನು ಇಂಥ ಕಡೆ ಗೆಡ್ಡೆಯೊಂದು ಒತ್ತುತ್ತಿರಬೇಕೆಂದು ಲೆಕ್ಕಹಾಕಿದರು. ಕ್ಷ-ಕಿರಣ ಪತ್ತೆಯಾಗುವುದಕ್ಕೆ ಆಗ ಇನ್ನೂ ಎಂಟು ವರ್ಷ ಉಳಿದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಶಸ್ತ್ರವೈದ್ಯ ವಿಕ್ಟರ್ ಹಾರ್ಸ್‌ಲಿ ಅಲ್ಲಿ ತೆರೆದು ನೋಡಿದರೆ ಗೆಡ್ಡೆ ಕಾಣಲಿಲ್ಲ. ಇನ್ನೂ ಮೇಲಿನ ಕಮಾನನ್ನು ತೆಗೆದು ನೋಡೋಣವೆಂದು ಜೊತೆಯಲ್ಲಿದ್ದವರು ಒತ್ತಾಯಿಸಿದರು. ತೆಗೆದಾಗ ಬಾದಾಮಿಯಂಥ ಗೆಡ್ಡೆ ಕಣ್ಣಿಗೆ ಬಿತ್ತು. ಒಂದು ವರ್ಷದ ಬಳಿಕ ಆ ಅಧಿಕಾರಿ ದಿನವಿಡೀ ನಿಂತು, ನಡೆದು ಕೆಲಸ ಮಾಡುತ್ತಿದ್ದರು. ಕೈಹಾಕಬಾರದೆಂದು ಸಾವಿರಾರು ವರ್ಷ ಬಿಟ್ಟಿದ್ದ ಜಾಗದಲ್ಲಿ ಸರಿಯಾದ ರೋಗಿಯನ್ನು ಆರಿಸಿ ಕೈಹಾಕಿದರೆ ಏನು ಸಾಧ್ಯ ಎಂಬುದಕ್ಕೆ ಅವರೇ ಸಾಕ್ಷಿಯಾದರು.

ತೋಟದಿಂದ ಬಂದ ಕಸಿ

ಆ ಕಾಲದಲ್ಲಿ ಬೆನ್ನನ್ನು ಹೆಚ್ಚಾಗಿ ಹಾಳುಮಾಡುತ್ತಿದ್ದ ರೋಗ ಕ್ಷಯ. ಮಕ್ಕಳ ಬೆನ್ನು ಗೂನಾಗಿ, ಮಣಿಗಳು ಕರಗಿ ಕೀವು ಕಟ್ಟಿ, ಕಾಲು ಸೋತುಹೋಗುವ ಈ ರೋಗವನ್ನು ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಪಾಟ್ಸ್ ಕಾಯಿಲೆ ಎಂಬ ಹೆಸರೇ ಬಿದ್ದಿತು. ಔಷಧಿ ಇರಲಿಲ್ಲ. ಬೆನ್ನು ಅಲುಗಾಡದಂತೆ ಪ್ಲಾಸ್ಟರ್ ಕವಚದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಿಸುವುದೊಂದೇ ದಾರಿಯಾಗಿತ್ತು.

ರೋಗ ತಗುಲಿದ ಮಣಿಗಳನ್ನು ಶಾಶ್ವತವಾಗಿ ಒಂದಕ್ಕೊಂದು ಬೆಸೆದುಬಿಟ್ಟರೆ ಕವಚದ ಕೆಲಸವನ್ನು ಮೂಳೆಯೇ ಮಾಡೀತಲ್ಲ ಎಂಬ ಯೋಚನೆ ನ್ಯೂಯಾರ್ಕಿನ ಇಬ್ಬರು ವೈದ್ಯರಿಗೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಹೊಳೆಯಿತು. 1911ರಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಬೇರೆಬೇರೆಯಾಗಿ ತಮ್ಮ ವಿಧಾನಗಳನ್ನು ಪ್ರಕಟಿಸಿದರು. ಹಿಬ್ಸ್ ಬೆನ್ನಿನ ಮೂಳೆಯ ಚೂರುಗಳನ್ನೇ ಎಬ್ಬಿಸಿ ಪಕ್ಕದ ಮಣಿಗೆ ಸೇರಿಸಿದರು. ಆಲ್ಬೀ ರೋಗಿಯ ಮೊಣಕಾಲಿನ ಕೆಳಗಿನ ಮೂಳೆಯಿಂದ ಒಂದು ಸೀಳು ತೆಗೆದು ಬೆನ್ನಿನ ಮಣಿಗಳ ನಡುವೆ ಕೂರಿಸಿದರು. ಮೇಯ್ನ್ ರಾಜ್ಯದ ಹಳ್ಳಿಯಲ್ಲಿ ಬೆಳೆದ ಆಲ್ಬೀ, ಚಿಕ್ಕಂದಿನಲ್ಲಿ ಅಜ್ಜನಿಂದ ಹಣ್ಣಿನ ಮರಗಳಿಗೆ ಕಸಿ ಕಟ್ಟುವುದನ್ನು ಕಲಿತಿದ್ದರು. ಸೀಳಿದ ಕೊಂಬೆಗೆ ಇನ್ನೊಂದು ಕೊಂಬೆಯನ್ನು ಬಿಗಿಯಾಗಿ ಕೂರಿಸಿದರೆ ಎರಡೂ ಒಂದಾಗಿ ಬೆಳೆಯುವಂತೆ ಮೂಳೆಯೂ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ಸ್ಪೈನಲ್ ಫ್ಯೂಷನ್ ಅಥವಾ ಮಣಿ ಬೆಸುಗೆ ಎಂದು ಇಂದು ಕರೆಯುವ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹೀಗೆ.

ಆದರೆ ಕ್ಷಯವನ್ನು ಗೆದ್ದದ್ದು ಕೇವಲ ಕತ್ತಿಯಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದವು. ಔಷಧಿಯ ರಕ್ಷಣೆ ಸಿಕ್ಕಮೇಲೆ ಶಸ್ತ್ರವೈದ್ಯರ ಧೈರ್ಯವೂ ಹೆಚ್ಚಿತು. ಹಾಂಗ್‌ಕಾಂಗಿನ ಹಾಜ್‌ಸನ್ ಮತ್ತು ಸ್ಟಾಕ್ 1956ರಲ್ಲಿ, ಎದೆ ಅಥವಾ ಹೊಟ್ಟೆಯ ಕಡೆಯಿಂದ ಒಳಹೊಕ್ಕು ಕೊಳೆತ ಮೂಳೆಯನ್ನು ಪೂರ್ತಿ ತೆಗೆದು ಆ ಜಾಗದಲ್ಲಿ ಹೊಸ ಮೂಳೆ ಕೂರಿಸುವ ವಿಧಾನವನ್ನು ವಿವರಿಸಿದರು. ಅದ್ಭುತ ಫಲ ಕೊಟ್ಟ ಈ ‘ಹಾಂಗ್‌ಕಾಂಗ್ ಆಪರೇಷನ್’ ಎಲ್ಲ ರೋಗಿಗಳಿಗೂ ಬೇಕೆ ಎಂಬ ಪ್ರಶ್ನೆ ಆಗ ಎದ್ದಿತು. ಇಂಥ ದೊಡ್ಡ ಶಸ್ತ್ರಚಿಕಿತ್ಸೆಗೆ ಬೇಕಾದ ಆಸ್ಪತ್ರೆ, ಅರಿವಳಿಕೆ ತಜ್ಞರು, ರಕ್ತ ಇವೆಲ್ಲ ಇಲ್ಲದ ದೇಶಗಳಲ್ಲೇ ಈ ರೋಗಿಗಳು ಹೆಚ್ಚಾಗಿದ್ದರು.

ಉತ್ತರ ಹುಡುಕಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1960ರ ದಶಕದಲ್ಲಿ ಕೊರಿಯಾ, ಹಾಂಗ್‌ಕಾಂಗ್ ಮತ್ತು ಆಫ್ರಿಕದ ಬುಲವಾಯೊಗಳಲ್ಲಿ ಹೋಲಿಕೆಯ ಪ್ರಯೋಗಗಳನ್ನು ಆರಂಭಿಸಿತು. ಮುಂದೆ ಮದರಾಸೂ ಇದಕ್ಕೆ ಸೇರಿತು. 1973ರಿಂದ ಪ್ರಕಟವಾಗತೊಡಗಿದ ಫಲಿತಾಂಶಗಳು ಹಲವರನ್ನು ಬೆರಗುಗೊಳಿಸಿದವು. ಕೊರಿಯಾದ ಮಸಾನ್‌ನಲ್ಲಿ ಆರು ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರಿಗೂ, ಮನೆಯಲ್ಲೇ ಓಡಾಡಿಕೊಂಡು ಔಷಧಿ ನುಂಗಿದವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೂಸಾನ್‌ನಲ್ಲಿ ಪ್ಲಾಸ್ಟರ್ ಕವಚ ತೊಟ್ಟವರಿಗೂ ತೊಡದವರಿಗೂ ವ್ಯತ್ಯಾಸವಿರಲಿಲ್ಲ. ಹಾಂಗ್‌ಕಾಂಗ್ ಆಪರೇಷನ್ನಿನಿಂದ ಮೂಳೆ ಬೇಗ ಬೆಸೆಯುತ್ತಿತ್ತು, ಗೂನು ಕಡಿಮೆಯಾಗುತ್ತಿತ್ತು ಎಂಬುದು ನಿಜ. ಆದರೆ ಬಹಳಷ್ಟು ರೋಗಿಗಳಿಗೆ ಔಷಧಿಯೊಂದೇ ಸಾಕಾಗಿತ್ತು.

ಭಾರತದಲ್ಲಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟವರು ವಾರಾಣಸಿಯ ಡಾ. ಎಸ್.ಎಂ. ತುಲಿ. ಎಲ್ಲರಿಗೂ ಔಷಧಿ ಕೊಡುವುದು, ಅದಕ್ಕೆ ಬಗ್ಗದವರಿಗೆ, ಕಾಲಿನ ಸ್ವಾಧೀನ ಮರಳದವರಿಗೆ ಅಥವಾ ಹದಗೆಡುತ್ತಿರುವವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡುವುದು, ಇದು ಅವರು 1975ರಲ್ಲಿ ಪ್ರಕಟಿಸಿದ ‘ಮಧ್ಯಮ ಮಾರ್ಗ’. ಕಾಲು ಸೋತವರಲ್ಲಿಯೂ ಹಲವರು ಕತ್ತಿ ತಾಗಿಸದೆಯೇ ಎದ್ದು ನಡೆದರೆಂಬುದನ್ನು ಅವರು ದಾಖಲಿಸಿದರು. ಬಡ ದೇಶದ ಆಸ್ಪತ್ರೆಯಲ್ಲಿ ರೂಪುಗೊಂಡ ಈ ಕ್ರಮ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿತು.

ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆ ಬೇರೂರಿದ್ದೂ ಇದೇ ಕಾಲಾವಧಿಯಲ್ಲಿ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ, 1950ರಲ್ಲಿ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಈ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಅದಕ್ಕೆ ನಾಂದಿ ಹಾಡಿದವರು ಡಾ. ಆರ್. ಮಾರ್ತಾಂಡ ವರ್ಮ. ಅವರು 1950ರ ದಶಕದ ಕೊನೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಟ್ಟಿದ ಘಟಕ, 1974ರಲ್ಲಿ ಆ ಸಂಸ್ಥೆ ನಿಮ್ಹಾನ್ಸ್ ಆದಾಗ ಅದರ ಅಂಗವಾಯಿತು.

‘ಗೆಡ್ಡೆ’ಯಲ್ಲದ ಗೆಡ್ಡೆ

ಕ್ಷಯದ ವಿಷಯದಲ್ಲಿ ಪ್ರಶ್ನೆ ಹೀಗೆ ಬಗೆಹರಿಯಿತು. ಆದರೆ ಇಂದು ಬೆನ್ನಿನ ಶಸ್ತ್ರಚಿಕಿತ್ಸೆ ಎಂದೊಡನೆ ಜನರಿಗೆ ನೆನಪಾಗುವುದು ಡಿಸ್ಕ್. ಅದರ ಕಥೆ ಇನ್ನೂ ಕುತೂಹಲದ್ದು.

1909ರಲ್ಲಿ ಬರ್ಲಿನ್ನಿನ ಒಪನ್‌ಹೈಮ್ ಮತ್ತು ಕ್ರೌಸ, ಕಾಲುನೋವಿನ ರೋಗಿಯೊಬ್ಬನ ಬೆನ್ನಿನಿಂದ ಸಣ್ಣ ಗೆಡ್ಡೆಯೊಂದನ್ನು ತೆಗೆದ ವರದಿ ಪ್ರಕಟಿಸಿದರು. ರೋಗಿಯ ನೋವು ಮಾಯವಾಯಿತು. ತೆಗೆದದ್ದು ಮೃದ್ವಸ್ಥಿಯ ಗೆಡ್ಡೆ ಎಂದು ಅವರು ಭಾವಿಸಿದರು. ಮುಂದಿನ ಇಪ್ಪತ್ತೈದು ವರ್ಷ ಬೇರೆ ಶಸ್ತ್ರವೈದ್ಯರೂ ಇಂಥ ‘ಗೆಡ್ಡೆ’ಗಳನ್ನು ತೆಗೆದು ಅದೇ ಹೆಸರು ಬರೆದಿಟ್ಟರು. ಅದು ಡಿಸ್ಕಿನಿಂದ ಬೇರ್ಪಟ್ಟ ಚೂರೆಂದು ವಾಲ್ಟರ್ ಡ್ಯಾಂಡಿ 1929ರಲ್ಲಿ ಇಬ್ಬರು ರೋಗಿಗಳ ವಿವರ ಸಮೇತ ಬರೆದರೂ ಹೆಚ್ಚಿನವರು ಗಮನಿಸಲಿಲ್ಲ.

ಗಂಟು ಬಿಚ್ಚಿದ್ದು ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. 1932ರಲ್ಲಿ ಮೂಳೆ ತಜ್ಞ ಜೋಸೆಫ್ ಬಾರ್ ಅವರು, ಹಿಮದ ಮೇಲೆ ಜಾರುವ ಆಟದಲ್ಲಿ ಪೆಟ್ಟು ತಿಂದು ತಿಂಗಳುಗಟ್ಟಲೆ ಕಾಲುನೋವಿನಿಂದ ನರಳುತ್ತಿದ್ದ ಯುವಕನೊಬ್ಬನನ್ನು ನರಶಸ್ತ್ರವೈದ್ಯ ವಿಲಿಯಂ ಜೇಸನ್ ಮಿಕ್ಸ್‌ಟರ್ ಅವರಲ್ಲಿಗೆ ಕಳಿಸಿದರು. ಮಿಕ್ಸ್‌ಟರ್ ಎಂದಿನಂತೆ ‘ಗೆಡ್ಡೆ’ ತೆಗೆದರು. ಬಾರ್ ಸುಮ್ಮನಾಗಲಿಲ್ಲ. ಸೂಕ್ಷ್ಮದರ್ಶಕದಡಿ ನೋಡಿದಾಗ ಆ ಚೂರು ಸಹಜ ಡಿಸ್ಕಿನ ಅಂಗಾಂಶದಂತೆಯೇ ಕಂಡಿತು. ಆಸ್ಪತ್ರೆಯ ಸಂಗ್ರಹದಲ್ಲಿದ್ದ ಹಳೆಯ ‘ಗೆಡ್ಡೆ’ಗಳನ್ನೆಲ್ಲ ತೆಗೆದು ಹೋಲಿಸಿ ನೋಡಿದರು. ಅವುಗಳಲ್ಲಿ ಹೆಚ್ಚಿನವು ಗೆಡ್ಡೆಗಳೇ ಆಗಿರಲಿಲ್ಲ. ಹೊರಪದರ ಹರಿದು ಹಿಂದಕ್ಕೆ ನುಗ್ಗಿದ ಡಿಸ್ಕಿನ ತಿರುಳು ನರವನ್ನು ಒತ್ತಿ ಕಾಲುನೋವು ತರುತ್ತದೆ ಎಂದು ಇಬ್ಬರೂ ಸೇರಿ 1934ರ ಆಗಸ್ಟ್‌ನಲ್ಲಿ 19 ರೋಗಿಗಳ ವಿವರದೊಂದಿಗೆ ಪ್ರಕಟಿಸಿದರು.

‘ಡಿಸ್ಕ್ ಜಾರಿದೆ’ ಎಂಬ ಮಾತಿನ ಮೂಲ ಇಲ್ಲಿದೆ. ನಿಜವಾಗಿ ಡಿಸ್ಕ್ ಚಕ್ರದಂತೆ ಜಾರಿಹೋಗುವುದಿಲ್ಲ. ಹಣ್ಣಿನ ಸಿಪ್ಪೆ ಬಿರಿದು ತಿರುಳು ಹೊರಬಂದಂತೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಹೊರಬಂದ ಚೂರನ್ನು ತೆಗೆಯುವ ಡಿಸ್ಕೆಕ್ಟಮಿ ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹರಡಿತು.

ಅತಿಯಾದ ಭರವಸೆ

ಕಾರಣವೊಂದು ಸಿಕ್ಕಿತೆಂದರೆ ಎಲ್ಲದಕ್ಕೂ ಅದನ್ನೇ ಹೊಣೆ ಮಾಡುವುದು ಮನುಷ್ಯಸಹಜ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕದಲ್ಲಿ ಬರೀ ಸೊಂಟನೋವಿದ್ದವರ ಬೆನ್ನನ್ನೂ ತೆರೆಯಲಾಯಿತು. ಮೊದಲ ಶಸ್ತ್ರಚಿಕಿತ್ಸೆಯಿಂದ ಗುಣ ಕಾಣದಿದ್ದರೆ ಎರಡನೆಯದು, ಅದರಿಂದಲೂ ಆಗದಿದ್ದರೆ ಬೆಸುಗೆ ಎಂಬಂತಾಯಿತು.

ಈ ದಾರಿಯಲ್ಲಿ ಸಾಗಿದವರಲ್ಲಿ ಅತ್ಯಂತ ಪ್ರಸಿದ್ಧ ರೋಗಿ ಜಾನ್ ಎಫ್. ಕೆನಡಿ. 1944ರಿಂದ 1957ರ ನಡುವೆ ಅವರ ಬೆನ್ನಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಮೊದಲನೆಯದು ಡಿಸ್ಕಿಗಾಗಿ. 1954ರ ಅಕ್ಟೋಬರ್‌ನಲ್ಲಿ ಲೋಹದ ತಟ್ಟೆ ಕೂರಿಸಿ ಬೆಸುಗೆ ಹಾಕಿದಾಗ ಸೋಂಕು ತಗುಲಿ ಪ್ರಾಣಕ್ಕೇ ಸಂಚಕಾರ ಬಂದು, ಪಾದ್ರಿಯನ್ನು ಕರೆಸಿ ಅಂತಿಮ ವಿಧಿಯನ್ನೂ ನಡೆಸಲಾಗಿತ್ತು. ಮರುವರ್ಷ ಆ ತಟ್ಟೆಯನ್ನು ತೆಗೆಯಬೇಕಾಯಿತು. 1957ರಲ್ಲಿ ಕೀವು ತೆಗೆಯಲು ಮತ್ತೊಮ್ಮೆ. ಇಷ್ಟಾದರೂ ನೋವು ಬಿಡಲಿಲ್ಲ. ಅಧ್ಯಕ್ಷರಾದ ಮೇಲೆ 1961ರ ಕೊನೆಗೆ ಹಾನ್ಸ್ ಕ್ರೌಸ್ ಎಂಬ ವೈದ್ಯರು ಕ್ರಮವಾಗಿ ಮಾಡಿಸಿದ ವ್ಯಾಯಾಮದಿಂದ ಸಾಕಷ್ಟು ಸುಧಾರಿಸಿಕೊಂಡರು. ದೇಶದ ಅತ್ಯುತ್ತಮ ಆಸ್ಪತ್ರೆಗಳು ಕೈಗೆಟುಕುವಂತಿದ್ದ ಒಬ್ಬ ಶ್ರೀಮಂತನಿಗೂ ಹೀಗಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಕತ್ತಿಯ ಬದಲು ಪಪ್ಪಾಯಿಯ ಮೊರೆ ಹೊಕ್ಕ ಕಥೆಯೂ ಇದೇ ಕಾಲದ್ದು. ಪಪ್ಪಾಯಿ ಕಾಯಿಯ ಹಾಲು ಮಾಂಸವನ್ನು ಮೆತ್ತಗಾಗಿಸುತ್ತದೆಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ವಿಷಯ. ಅದರ ಸತ್ವವನ್ನು ಮೊಲಗಳಿಗೆ ಚುಚ್ಚಿದರೆ ನೆಟ್ಟಗಿದ್ದ ಕಿವಿಗಳು ಜೋತುಬೀಳುತ್ತವೆಂದು ಲೂಯಿಸ್ ಥಾಮಸ್ ಎಂಬ ವಿಜ್ಞಾನಿ 1956ರಲ್ಲಿ ಬರೆದರು. ಕಿವಿಯ ಮೃದ್ವಸ್ಥಿಯನ್ನು ಮೆತ್ತಗಾಗಿಸುವ ವಸ್ತು ಡಿಸ್ಕನ್ನೂ ಕರಗಿಸಬಾರದೇಕೆ ಎಂದು ಲೈಮನ್ ಸ್ಮಿತ್ ಯೋಚಿಸಿ, ಕೈಮೊಪಪೇನ್ ಎಂಬ ಪಪ್ಪಾಯಿಯ ಕಿಣ್ವವನ್ನು 1963ರಲ್ಲಿ ಮೊದಲ ಬಾರಿಗೆ ರೋಗಿಯ ಡಿಸ್ಕಿಗೆ ಸೂಜಿಯಿಂದ ಹಾಕಿದರು. 1982ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಹಲವರಿಗೆ ಗುಣವಾಯಿತಾದರೂ ಕೆಲವರಿಗೆ ಅಪಾಯಕಾರಿ ಅಲರ್ಜಿ, ಅಪರೂಪಕ್ಕೆ ಬೆನ್ನುಹುರಿಗೇ ಹಾನಿ ಕಂಡುಬಂತು. ಕ್ರಮೇಣ ಬಳಕೆ ಇಳಿದು 2003ರಲ್ಲಿ ಅಲ್ಲಿ ಅದರ ಮಾರಾಟ ನಿಂತುಹೋಯಿತು.

ತಕ್ಕಡಿಗೆ ಬಂದ ಶಸ್ತ್ರ

ಶಸ್ತ್ರಚಿಕಿತ್ಸೆ ನಿಜಕ್ಕೂ ಎಷ್ಟು ಉಪಕಾರಿ ಎಂಬುದನ್ನು ತೂಗಿ ನೋಡಿದವರಲ್ಲಿ ನಾರ್ವೆಯ ಹೆನ್ರಿಕ್ ವೆಬರ್ ಮೊದಲಿಗರು. ಡಿಸ್ಕಿನಿಂದ ಕಾಲುನೋವು ಬಂದ 126 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಶ್ರಾಂತಿ, ಔಷಧಿ, ವ್ಯಾಯಾಮದ ಚಿಕಿತ್ಸೆ ಕೊಟ್ಟು ಹತ್ತು ವರ್ಷ ಗಮನಿಸಿದರು. 1983ರಲ್ಲಿ ಪ್ರಕಟವಾದ ಫಲಿತಾಂಶ ಎರಡೂ ಪಕ್ಷದವರಿಗೆ ಪಾಠ ಹೇಳುವಂಥದು. ಮೊದಲ ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಆದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ವರ್ಷಗಳ ಹೊತ್ತಿಗೆ ಅಂತರ ಕುಗ್ಗಿತು. ಹತ್ತು ವರ್ಷಗಳ ಹೊತ್ತಿಗೆ ವ್ಯತ್ಯಾಸವೇ ಉಳಿಯಲಿಲ್ಲ.

2007ರಲ್ಲಿ ನೆದರ್‌ಲೆಂಡ್ಸಿನಿಂದ ಬಂದ 283 ರೋಗಿಗಳ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಕಾದು ನೋಡಿದ ಗುಂಪಿನಲ್ಲಿ ನೂರಕ್ಕೆ 39 ಮಂದಿ ತಡೆಯಲಾರದೆ ಮುಂದೆ ಶಸ್ತ್ರಚಿಕಿತ್ಸೆಗೆ ಹೋದರು. ಆದರೆ ವರ್ಷ ತುಂಬುವಾಗ ಎರಡೂ ಗುಂಪುಗಳಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಅಂದರೆ ಡಿಸ್ಕಿನ ಶಸ್ತ್ರಚಿಕಿತ್ಸೆಯಿಂದ ಮುಖ್ಯವಾಗಿ ಉಳಿಯುವುದು ನೋವಿನ ತಿಂಗಳುಗಳು. ಕೂಲಿ ಇಲ್ಲದೆ ಮನೆ ನಡೆಯದವರಿಗೆ ಆ ತಿಂಗಳುಗಳೇ ದೊಡ್ಡವು. ರಜೆ ಹಾಕಿ ಕಾಯಬಲ್ಲವರಿಗೆ ಅಷ್ಟು ಅವಸರವಿಲ್ಲದಿರಬಹುದು. ಹೊರಬಂದ ತಿರುಳು ಕಾಲಕ್ರಮದಲ್ಲಿ ತಾನಾಗಿ ಕುಗ್ಗುವುದನ್ನೂ ಸ್ಕ್ಯಾನ್‌ಗಳು ತೋರಿಸಿವೆ.

ಸ್ಕ್ಯಾನ್‌ಗಳು ದಾರಿ ತಪ್ಪಿಸುವುದೂ ಉಂಟು. ಎಂ.ಆರ್.ಐ. ಬಂದ ಮೇಲೆ ಡಿಸ್ಕಿನ ಸಣ್ಣ ಉಬ್ಬೂ ಕಣ್ಣಿಗೆ ಬೀಳತೊಡಗಿತು. 1994ರಲ್ಲಿ ಅಮೆರಿಕದ ತಜ್ಞರು ಬೆನ್ನುನೋವೇ ಇಲ್ಲದ 98 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ 52ರಷ್ಟು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಿದ್ದವರು ನೂರಕ್ಕೆ 36 ಮಾತ್ರ. ಚಿತ್ರದಲ್ಲಿ ಕಂಡ ಉಬ್ಬು, ರೋಗಿ ಹೇಳುವ ನೋವು, ವೈದ್ಯರು ಕೈಯಿಂದ ಪರೀಕ್ಷಿಸಿ ಕಂಡುಕೊಂಡ ಲಕ್ಷಣ, ಮೂರೂ ತಾಳೆಯಾದಾಗ ಮಾತ್ರ ಶಸ್ತ್ರಚಿಕಿತ್ಸೆಗೆ ಅರ್ಥವಿದೆ. ಗವರ್ಸ್ 1887ರಲ್ಲಿ ಚಿತ್ರವಿಲ್ಲದೆ ಮಾಡಿದ ಪರೀಕ್ಷೆಯ ಬೆಲೆ ಇಂದಿಗೂ ಕಡಿಮೆಯಾಗಿಲ್ಲ.

ಇಂದಿನ ವಿಧಾನಗಳು

ಈ ನಡುವೆ ಶಸ್ತ್ರವೈದ್ಯರ ಕೈಚಳಕ ಬಹಳ ದೂರ ಬಂದಿದೆ. 1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪಾರ್ ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ಗಾಯದ ಮೂಲಕವೇ ಡಿಸ್ಕ್ ತೆಗೆಯುವ ಕ್ರಮವನ್ನು ವಿವರಿಸಿದರು. ಈಗ ದುರ್ಬೀನಿನಂಥ ಕೊಳವೆ ತೂರಿಸಿ ಮಾಡುವ ವಿಧಾನವೂ ಬಳಕೆಯಲ್ಲಿದೆ. ಕುತ್ತಿಗೆಯ ಡಿಸ್ಕನ್ನು ಗಂಟಲಿನ ಪಕ್ಕದಿಂದ, ಅಂದರೆ ಮುಂಬದಿಯಿಂದ ತಲುಪಿ ತೆಗೆದು ಬೆಸೆಯುವ ಮಾರ್ಗವನ್ನು ಸ್ಮಿತ್ ಮತ್ತು ರಾಬಿನ್‌ಸನ್, ಅವರಿಂದ ಬೇರೆಯಾಗಿ ಹವಾಯಿಯ ಕ್ಲೋವರ್ಡ್, 1958ರಲ್ಲಿ ಪ್ರಕಟಿಸಿದರು. ಬೆನ್ನುಹುರಿಯನ್ನು ಸರಿಸುವ ಅಗತ್ಯವಿಲ್ಲದ ಈ ಮಾರ್ಗ ಇಂದಿಗೂ ಕುತ್ತಿಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಮುಖ್ಯವಾದದ್ದು.

ವಯಸ್ಸಾದವರಲ್ಲಿ ಕಾಣುವ ಇನ್ನೊಂದು ತೊಂದರೆಯನ್ನು ಗುರುತಿಸಿ ವಿವರಿಸಿದವರು ನೆದರ್‌ಲೆಂಡ್ಸಿನ ಹೆಂಕ್ ವರ್ಬೀಸ್ಟ್. ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಕುಳಿತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಾಯೆನಿಸುತ್ತದೆ. ಅದೇ ಮನುಷ್ಯ ಬಗ್ಗಿ ಕುಳಿತು ಮೈಲಿಗಟ್ಟಲೆ ಸೈಕಲ್ ತುಳಿಯಬಲ್ಲ. ಬೆನ್ನುಮೂಳೆಯ ಕೊಳವೆ ಕಿರಿದಾಗಿ ನರಗಳು ಇಕ್ಕಟ್ಟಿಗೆ ಸಿಲುಕುವುದೇ ಇದಕ್ಕೆ ಕಾರಣವೆಂದು ಅವರು 1954ರಲ್ಲಿ ಬರೆದರು. ಇದಕ್ಕೆ ಹಳೆಯ ಲ್ಯಾಮಿನೆಕ್ಟಮಿಯೇ ಮದ್ದು. ಅನೇಕ ಹಿರಿಯರು ಅದರಿಂದ ಮತ್ತೆ ಓಡಾಡುವಂತಾಗಿದ್ದಾರೆ.

ಬೆಸುಗೆಯೂ ಬದಲಾಯಿತು. ಪೋಲಿಯೋದಿಂದ ಬೆನ್ನು ಡೊಂಕಾದ ಮಕ್ಕಳನ್ನು ಕಂಡ ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್‌ಟನ್, ಉಕ್ಕಿನ ಸರಳಿನಿಂದ ಬೆನ್ನನ್ನು ನೇರಮಾಡುವ ಕ್ರಮವನ್ನು 1962ರಲ್ಲಿ ಪ್ರಕಟಿಸಿದರು. ಪ್ಯಾರಿಸ್ಸಿನ ರೇಮಂಡ್ ರಾಯ್ ಕಮೀಲ್ 1963ರಿಂದ ಕಶೇರುಮಣಿಯೊಳಗೇ ಸ್ಕ್ರೂ ಕೂರಿಸತೊಡಗಿದರು. ಅಪಘಾತದಲ್ಲಿ ಮುರಿದ ಬೆನ್ನಿಗೆ, ಮಣಿ ಜರುಗಿದವರಿಗೆ ಇವು ವರದಾನವಾದವು. ಆದರೆ ಸ್ಕ್ರೂ ಕೈಗೆ ಸಿಕ್ಕಮೇಲೆ ಅದನ್ನು ಬೇಕಿಲ್ಲದ ಕಡೆಯೂ ಹಾಕುವ ಚಾಳಿ ಬೆಳೆಯಿತು. ಕೊಳವೆ ಕಿರಿದಾದ 247 ಮಂದಿಯ ಮೇಲೆ ಸ್ವೀಡನ್ ನಡೆಸಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒತ್ತಡ ಇಳಿಸುವುದರ ಜೊತೆಗೆ ಬೆಸುಗೆಯನ್ನೂ ಹಾಕಿಸಿಕೊಂಡವರು ಬರೀ ಒತ್ತಡ ಇಳಿಸಿಕೊಂಡವರಿಗಿಂತ ಹೆಚ್ಚು ಸುಖವಾಗಿರಲಿಲ್ಲ. ಅದೇ ವರ್ಷದ ಅಮೆರಿಕದ ಚಿಕ್ಕ ಪ್ರಯೋಗವೊಂದು ಮಣಿ ಜರುಗಿದವರಿಗೆ ಬೆಸುಗೆಯಿಂದ ಸ್ವಲ್ಪ ಲಾಭವಿದೆಯೆಂದಿತು. ವಾದ ಇನ್ನೂ ಮುಗಿದಿಲ್ಲ.

ಮುದಿತನದಲ್ಲಿ ಸವೆದು ಕುಸಿದ ಮಣಿಗೆ ಸೂಜಿಯಿಂದ ಸಿಮೆಂಟು ತುಂಬುವ ವರ್ಟಿಬ್ರೊಪ್ಲಾಸ್ಟಿಯ ಕಥೆಯೂ ಇಂಥದೇ. ಸೂಜಿಯಿಂದ ಮಣಿಗೆ ಸಿಮೆಂಟು ತುಂಬುವ ಕ್ರಮ 1984ರಲ್ಲಿ ಫ್ರಾನ್ಸಿನ ಅಮಿಯಾ ನಗರದಲ್ಲಿ ಆರಂಭವಾಯಿತು. ಕುಸಿದ ಮಣಿಗಳಿಗೂ ಅದು ಬಳಕೆಗೆ ಬಂದು ಹಲವು ದೇಶಗಳಿಗೆ ಹರಡಿದ ಬಳಿಕ 2009ರ ಎರಡು ಪ್ರಯೋಗಗಳಲ್ಲಿ ಕೆಲವರಿಗೆ ಸಿಮೆಂಟು ತುಂಬಿ, ಉಳಿದವರಿಗೆ ತುಂಬಿದಂತೆ ನಟಿಸಲಾಯಿತು. ಇಬ್ಬರಿಗೂ ನೋವು ಒಂದೇ ರೀತಿ ಇಳಿಯಿತು.

ತಡಮಾಡಬಾರದ್ದು ಯಾವಾಗ?

ಹಾಗಾದರೆ ಹಾಸಿಗೆ ಹಿಡಿದವರು ಯಾರ ಮಾತು ಕೇಳಬೇಕು? ಬೇಡವೆನ್ನುವ ಪಕ್ಷ ತಪ್ಪುವ ಸಂದರ್ಭಗಳು ಕೆಲವು ಸ್ಪಷ್ಟವಾಗಿವೆ. ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ಹತೋಟಿ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಕಾಲಿನ ಬಲ ದಿನೇದಿನೇ ಇಳಿಯುತ್ತಿದ್ದರೆ ಅದು ತುರ್ತು. ಕುದುರೆ ಬಾಲದಂಥ ಆ ನರಗಳ ಗೊಂಚಲು ಒತ್ತಡಕ್ಕೆ ಸಿಲುಕಿದಾಗ ಸಾಧ್ಯವಾದಷ್ಟು ಬೇಗ, ಎರಡು ದಿನ ಮೀರದಂತೆ ಶಸ್ತ್ರಚಿಕಿತ್ಸೆ ಆಗಬೇಕೆಂದು ತಜ್ಞರು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಎಣ್ಣೆ ತಿಕ್ಕಿಸುತ್ತಾ, ಉಳುಕು ತೆಗೆಸುತ್ತಾ ಕಾಲ ಕಳೆದರೆ ಕಳೆದುಕೊಂಡದ್ದು ಮತ್ತೆ ಬಾರದೆ ಹೋಗಬಹುದು. ಬೆನ್ನುನೋವಿನೊಂದಿಗೆ ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕ್ಷಯದ ಅನುಮಾನವೂ ಇರಬೇಕು. ಆ ರೋಗ ನಮ್ಮ ದೇಶವನ್ನು ಇನ್ನೂ ಬಿಟ್ಟು ಹೋಗಿಲ್ಲ.

ಕೊಯ್ಯಿಸಿಬಿಡಿ ಎನ್ನುವ ಪಕ್ಷವೂ ತಪ್ಪುವುದುಂಟು. ಕಾಲಿಗೆ ಇಳಿಯದ ಬರೀ ಸೊಂಟನೋವಿಗೆ, ಬೆರಳೆಣಿಕೆಯ ದಿನಗಳ ನೋವಿಗೆ, ಲಕ್ಷಣಕ್ಕೆ ತಾಳೆಯಾಗದ ಸ್ಕ್ಯಾನ್‌ಗೆ ಕತ್ತಿ ಉತ್ತರವಲ್ಲ. ಡಿಸ್ಕಿನ ಕಾಲುನೋವು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಮುಖವಾಗುತ್ತದೆ. ಇಳಿಯದೆ, ತಾಳಲಾಗದೆ ಉಳಿದವರಿಗೆ ಡಿಸ್ಕೆಕ್ಟಮಿ ನಂಬಬಹುದಾದ ದಾರಿ. ಕಾಲು ಹೋಗುತ್ತದೆಂಬ ಭಯ ನುರಿತ ಕೈಗಳಲ್ಲಿ ಬಹುಮಟ್ಟಿಗೆ ಹಿಂದಿನ ಕಾಲದ ಮಾತು. ಅಪಾಯವೇ ಇಲ್ಲವೆಂದಲ್ಲ, ಸೊಂಟದಲ್ಲಿ ಅದು ಅಪರೂಪ.

ಈಜಿಪ್ಟಿನ ಆ ವೈದ್ಯ ಪ್ರತಿ ರೋಗಿಯನ್ನೂ ಪರೀಕ್ಷಿಸಿದ ಮೇಲೆ ಇದಕ್ಕೆ ಚಿಕಿತ್ಸೆ ಕೊಡಬಹುದೇ, ಬಾರದೇ ಎಂದು ಬರೆದಿಡುತ್ತಿದ್ದ. ಉಪಕರಣಗಳು ಎಷ್ಟೇ ಬದಲಾದರೂ ಕತ್ತಿ ಹಿಡಿಯುವ ಮುನ್ನ ವೈದ್ಯರು ಕೇಳಿಕೊಳ್ಳಬೇಕಾದ ಪ್ರಶ್ನೆ ಇಂದಿಗೂ ಅದೇ. ರೋಗಿಯೂ ಮನೆಯವರೂ ವೈದ್ಯರ ಮುಂದೆ ಕುಳಿತು ಹಿಂಜರಿಯದೆ ಕೇಳಬೇಕಾದದ್ದೂ ಅದನ್ನೇ: ಈಗಲೇ ಏಕೆ, ಕಾದರೆ ಏನಾಗುತ್ತದೆ?